ರಾಯದುರ್ಗದ ಸುಮಂಗಲಕ್ಕ ಹೇಳಿದ್ದು

ಬುದ್ಧಿ ಹೇಳುವುದು ನನ್ನ ಕಸುಬು. ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಆಂಧ್ರಕ್ಕೆ ಸೇರಿದ, ಅಗಳಿ ಹತ್ತಿರದ ನಮ್ಮೂರಿನ ಅಂಗನವಾಡಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ನಾನು ಟೀಚರು. ಬಸುರಿಯರಿಗೆ, ಬಾಣಂತಿಯರಿಗೆ, ಅವರ ಅತ್ತೆಯರಿಗೆ, ಆ ಅತ್ತೆಯರ ಕಿವಿ ಊದುವ ಪಕ್ಕದ ಮನೆಯವರಿಗೆ ಇಷ್ಟು ವರ್ಷ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಎಂಥದಾಗಿದೆಯೆಂದರೆ, ಊಟಕ್ಕೆ ಕೂತಾಗ "ಉಪ್ಪು ಕೊಡಿ ಇತ್ಲಾಗೆ" ಅಂದರೂ ಮೈಕು ಹಿಡಿದು ಮಾತಾಡಿದಂತೆ ಕೇಳುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕೇಂದ್ರದಲ್ಲಿ ನಾನು ಬಾಯಿ ತೆಗೆದರೆ ಎಲ್ಲರೂ ತಲೆಯಾಡಿಸುತ್ತಾರೆ. ಇದು ನನ್ನ ಮಾತಿನ ಮಹಿಮೆ ಎಂದೇ ಬಹಳ ವರ್ಷ ನಂಬಿದ್ದೆ. ಹಾಗೆ ಮಾತಾಡುವಾಗ ನನ್ನ ಕೈಯಲ್ಲಿ ಮೊಟ್ಟೆಯ ಟ್ರೇ ಇರುತ್ತಿತ್ತು ಎಂಬುದನ್ನು ಗಮನಿಸಿರಲಿಲ್ಲ. ಮೊಟ್ಟೆ ಹಂಚುವವಳ ಜೊತೆ ಯಾರು ವಾದ ಮಾಡುತ್ತಾರೆ?

ಕೇಂದ್ರದ ಗೋಡೆಯ ಮೇಲೆ ತೆಲುಗಿನಲ್ಲಿ ಒಂದು ದೊಡ್ಡ ಚಾರ್ಟು ತೂಗುಹಾಕಿದೆ. ಬಾಣಂತಿ ಬಾಯಾರಿದಷ್ಟೂ ನೀರು ಕುಡಿಯಬೇಕು. ಆರು ತಿಂಗಳು ಮಗುವಿಗೆ ತಾಯಿಹಾಲು ಬಿಟ್ಟು ಇನ್ನೇನೂ ಬೇಡ. ಮಗು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದರ್ಥ. ಅದಕ್ಕೇ ತಪ್ಪದೆ ತೂಕ ಹಾಕಿಸಬೇಕು. ಈ ಕೊನೆಯ ಮಾತಿಗೆ ಮಾತ್ರ ನಮ್ಮ ಹೆಂಗಸರು ಸುಲಭಕ್ಕೆ ತಲೆಯಾಡಿಸುವುದಿಲ್ಲ. ಎಳೆಗೂಸನ್ನು ತೂಕಕ್ಕಿಟ್ಟು ಇಷ್ಟು ಕೆಜಿ ಅಂತ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗಿ ಕೂಸು ಇಳಿದುಹೋಗುತ್ತದೆ ಎಂದು ಅವರ ಹೆದರಿಕೆ. "ತಿಂಗ್ಳು ತುಂಬ್ಲಿ ಟೀಚರಮ್ಮ" ಎಂದು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ನಾನು ಬಿಡುವವಳೇ? "ನಿನ್ ಕೂಸಿನ್ನ ನೋಡಕ್ಕೆ ಯಾವ ಮಹಾರಾಜ ಬತ್ತಾನೆ? ಮಲಗ್ಸೇ ಇಲ್ಲಿ!" ಎಂದು ಗದರಿ, ತೂಕ ಹಾಕಿ, ರಿಜಿಸ್ಟರಿನಲ್ಲಿ ಬರೆದೇ ಕಳಿಸುತ್ತೇನೆ. ಆ ಚಾರ್ಟನ್ನು ನಾನು ಕಣ್ಣು ಮುಚ್ಚಿಕೊಂಡು ಒಪ್ಪಿಸಬಲ್ಲೆ. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಒಪ್ಪಿಸಿದ್ದೇ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತದೆ.

ನನ್ನ ಒಬ್ಬಳೇ ಮಗಳು ಶ್ರಾವಣಿಯನ್ನು ಶಿರಾ ಕಡೆಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನದಲ್ಲವೇ, ಬಂದಳು, ಹೆತ್ತಳು. ಹೆಣ್ಣುಕೂಸು. ಊರ ಬಾಣಂತಿಯರನ್ನೆಲ್ಲ ನೋಡಿಕೊಂಡವಳಿಗೆ ಕೊನೆಗೂ ನನ್ನದೇ ಎನ್ನುವ ಒಬ್ಬ ಬಾಣಂತಿ ಸಿಕ್ಕಿದಳು. ಆದರೆ ಒಂದು ಗುಟ್ಟು ಹೇಳಬೇಕು. ಸಾಯಂಕಾಲ ಕೇಂದ್ರಕ್ಕೆ ಬೀಗ ಹಾಕುವಾಗ ನಾನು ಆ ಚಾರ್ಟನ್ನೂ ಒಳಗೇ ಬಿಟ್ಟು ಬೀಗ ಹಾಕುತ್ತೇನೆ. ಮನೆಗೆ ಬರುವವಳು ಟೀಚರಲ್ಲ, ನಮ್ಮಮ್ಮನ ಮಗಳು. ಮಗಳ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಪಂಚೆಬಟ್ಟೆ, ಊಟಕ್ಕೆ ಮೆಣಸು ಬೆಳ್ಳುಳ್ಳಿ ಖಾರ ಕಲಸಿದ ಅನ್ನ, ನೀರು ಮಾತ್ರ ಅಳತೆ ಮಾಡಿ ಅರ್ಧ ಲೋಟ. "ಅಮ್ಮ, ಕೇಂದ್ರದಾಗೆ ನೀರು ಚೆನ್ನಾಗಿ ಕುಡೀರಿ ಅಂತ ನೀನೇ ಹೇಳ್ತೀಯಲ್ಲ?" ಎಂದು ಶ್ರಾವಣಿ ಕೇಳಿದಳು. "ಅದು ಊರೋರಿಗೆ ಕಣೇ" ಎಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಮಾಡಿದವರು ನಮ್ಮ ಇಲಾಖೆಯಲ್ಲೇ ಇದ್ದಿರಬೇಕು.

ಅವಳಿಗೆ ನನ್ನ ಮೇಲೆ ನಂಬಿಕೆ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಆ ನಂಬಿಕೆ ಹೋಗಿ ಸೇರಿದ್ದು ದಿಂಬಿನ ಪಕ್ಕದ ಫೋನಿಗೆ. ಅವಳ ಓರಗಿತ್ತಿ ಅವಳನ್ನು ಹೊಸ ತಾಯಂದಿರ ಒಂದು ಗುಂಪಿಗೆ ಸೇರಿಸಿದ್ದಳು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಎಲ್ಲೆಲ್ಲಿಯದೋ ಹುಡುಗಿಯರು ಅದರಲ್ಲಿದ್ದಾರೆ. ಕೂಸು ಬಿಕ್ಕಿದರೆ, ಸೀನಿದರೆ, ನಿದ್ದೆಯಲ್ಲಿ ನಕ್ಕರೆ, ನಗದಿದ್ದರೆ, ಎಲ್ಲವನ್ನೂ ಅಲ್ಲಿ ಕೇಳುತ್ತಾರೆ. ಆದರೆ ಬರೆಯುವುದೆಲ್ಲ ಕನ್ನಡ ಅಕ್ಷರದಲ್ಲಿ. ನಮ್ಮ ಕಡೆಯ ಅವಸ್ಥೆ ನಿಮಗೆ ಗೊತ್ತಿರಬಹುದು. ಮನೆಯಲ್ಲಿ ಆಡುವುದು ಕನ್ನಡ, ಸ್ಕೂಲಿನಲ್ಲಿ ಕಲಿತದ್ದು ತೆಲುಗು. ನಾನು ಹುಡುಗಿಯಾಗಿದ್ದಾಗ ಊರಿನಲ್ಲಿ ಕನ್ನಡ ಶಾಲೆ ಇತ್ತು, ನನಗೆ ಎರಡೂ ಬರುತ್ತದೆ. ಶ್ರಾವಣಿಗೆ ಕನ್ನಡದಲ್ಲಿ ಜಗಳವಾಡಲು ಬರುತ್ತದೆ, ಹಾಡಲು ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಫೋನಿಗೇ ತೆಲುಗು ಮಾಡಿಕೊಡು ಎಂದು ಒಂದು ಸಲ ಹೇಳಿ ನೋಡಿದಳಂತೆ. ಅದು ಕೊಟ್ಟ ತೆಲುಗನ್ನು ಬಿಡಿಸಿ ಹೇಳಲು ಇನ್ನೊಬ್ಬರು ಬೇಕಾಯಿತು. ಅಂತೂ ಸಾಯಂಕಾಲ ನಾನು ಬಂದು ಕಾಫಿ ಕುಡಿದ ಕೂಡಲೇ ಫೋನು ನನ್ನ ಕೈಗೆ ಬರುತ್ತಿತ್ತು. "ಓದಮ್ಮ, ಏನು ಬರ್ದವ್ರೆ ನೋಡಮ್ಮ." ನನ್ನ ಮಾತು ಬೇಡವೆಂದು ಪರರ ಮಾತು ಹುಡುಕಿಕೊಂಡ ಮಗಳಿಗೆ ಆ ಪರರ ಮಾತನ್ನು ಓದಿ ಹೇಳುವ ಕೆಲಸವೂ ನನಗೇ ಬಿತ್ತು.

ಮೊದಲನೇ ದಿನ ನಾನು ಕನ್ನಡಕ ಏರಿಸಿಕೊಂಡು ಪ್ರಾಮಾಣಿಕವಾಗಿಯೇ ಓದಲು ಕೂತೆ. ಚಿತ್ರದುರ್ಗದ ಹುಡುಗಿಯೊಬ್ಬಳು ಕೇಳಿದ್ದಳು, ನಮ್ಮಮ್ಮ ನೀರೇ ಕೊಡುವುದಿಲ್ಲ, ಏನು ಮಾಡಲಿ? ಕೆಳಗೆ ಸಾಲಾಗಿ ಉತ್ತರ. ಕೊಡದಿದ್ದರೆ ನೀವೇ ಎದ್ದು ಹೋಗಿ ಕುಡಿಯಿರಿ ಎಂದು ಒಬ್ಬಳು. ಇವರು ಯಾವ ಕಾಲದವರು ಎಂದು ಇನ್ನೊಬ್ಬಳು. ಓದುತ್ತಿದ್ದ ನನ್ನ ಇನ್ನೊಂದು ಕೈಯಲ್ಲಿ ಶ್ರಾವಣಿಗೆಂದು ತಂದ ಅರ್ಧ ಲೋಟ ನೀರಿತ್ತು.

"ಏನಂತೆ?" ಎಂದಳು.

"ನೀರು... ಹದವಾಗಿ ಕುಡೀಬೇಕಂತೆ."

"ಯಾರು ಹೇಳಿದ್ದು?"

ಸುಳ್ಳಿಗೆ ಒಂದು ಹೆಸರು, ಒಂದು ಊರು ಬೇಕಲ್ಲ. "ಸುಮಂಗಲಾ ಅಂತ. ರಾಯದುರ್ಗದೋರು" ಎಂದುಬಿಟ್ಟೆ. ರಾಯದುರ್ಗ ಯಾಕೆ ಬಾಯಿಗೆ ಬಂತೆಂದರೆ, ನಮ್ಮ ಚಿಕ್ಕಮ್ಮನ್ನ ಕೊಟ್ಟಿದ್ದು ಅಲ್ಲಿಗೆ. ಬೇಸಿಗೆ ರಜಕ್ಕೆ ಹೋಗುತ್ತಿದ್ದೆ. ಅವರ ಬೀದಿಯಲ್ಲಿ ಬೈಗುಳಕ್ಕೂ ಕೊನೆಯಲ್ಲೊಂದು ‘ರಿ’ ಸೇರಿಸುವುದನ್ನು ಕೇಳಿ ನನಗೆ ಬೆರಗಾಗುತ್ತಿತ್ತು. ನಮ್ಮ ಕಡೆ ಹಾಗಲ್ಲ, ಪ್ರೀತಿ ಹೆಚ್ಚಾದಷ್ಟೂ ನಾವು ಬೈಯುವುದು ಹೆಚ್ಚು. "ಕೊರಳು ಬಿದ್ದೋಗ ತನಕ ಕೂಗಿದ್ರೂ ಉಣ್ಣಕ್ಕೆ ಬರಲ್ವಲ್ಲೇ, ನಿನ್ ಮನೆ ಹಾಳಾಗ!" ಅಂದರೆ, ಮಗಳೇ ಹಸಿದಿದ್ದೀಯ, ಬಾ ಅಂತ ಅರ್ಥ.

ಆಗ ನನಗೆ ಹುಚ್ಚು ಧೈರ್ಯ ಬಂತು. ಫೋನು ನೋಡುತ್ತಲೇ ರಾಯದುರ್ಗದ ರಾಗ ಹಿಡಿದೆ. "ಕಿವಿಗೆ ಹತ್ತಿ ಇಟ್ಕೊಳ್ರಿ ತಂಗಿ, ಗಾಳಿ ಹೋಗಬಾರದ್ರಿ. ಯಾಕ ಹೆದರ್ತೀರಿ, ಮೊದಲನೇದಕ್ಕ ಎಲ್ಲಾರಿಗೂ ಹಿಂಗ ಆಗತೈತ್ರಿ." ಬೆಳಗಿನಿಂದ ನಾನು ಮೂರು ಸಲ ಇಟ್ಟು, ಅವಳು ಮೂರು ಸಲ ಕಿತ್ತೆಸೆದಿದ್ದ ಹತ್ತಿಯನ್ನು ಮಗಳು ತಾನೇ ಹುಡುಕಿ ತೆಗೆದು ಕಿವಿಗೆ ಇಟ್ಟುಕೊಂಡಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾದರೆ ಗಿಡವನ್ನು ಕಿತ್ತು ರಾಯದುರ್ಗದಲ್ಲಿ ನೆಟ್ಟರಾಯಿತು.

ಅಲ್ಲಿಂದ ಸುಮಂಗಲಕ್ಕ ದಿನಾ ಬರತೊಡಗಿದರು. ಅವರಿಗೆ ಇಬ್ಬರು ಮಕ್ಕಳಾದರು. ಗಂಡ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಕಾರ್ಖಾನೆ ಇಟ್ಟರು. ಅತ್ತೆ ಸ್ವಲ್ಪ ಜೋರು, ಆದರೆ ಸುಮಂಗಲಕ್ಕ ಎದುರಾಡುವವರಲ್ಲ. ಸಬ್ಬಸಿಗೆ ಸೊಪ್ಪು ತಿನ್ನಲು ಹೇಳಿದರು, ಮಲಗಿಕೊಂಡು ಫೋನು ನೋಡಬೇಡವೆಂದರು, ಗಂಡನ ಮೇಲೆ ರೇಗಬೇಡವೆಂದರು. ಎಲ್ಲವೂ ನಡೆಯಿತು. "ಸುಮಂಗಲಕ್ಕ ಎಷ್ಟು ಸಮಾಧಾನವಾಗಿ ಹೇಳ್ತಾರಮ್ಮ" ಎಂದು ಶ್ರಾವಣಿ ಹೊಗಳಿದಾಗ ಮೊದಮೊದಲು ಒಳಗೊಳಗೇ ಹಿಗ್ಗುತ್ತಿದ್ದೆ. ಆಮೇಲಾಮೇಲೆ, ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಗತೊಡಗಿತು. ಅಡುಗೆ ನನ್ನದು, ನೀರೆರೆಯುವುದು ನಾನು, ಬಟ್ಟೆ ಒಗೆಯುವುದು ನಾನು, ಹೊಗಳಿಕೆ ಮಾತ್ರ ಆ ಇಲ್ಲದ ಹೆಂಗಸಿಗೆ. ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಎಂಥ ಜಗಳವಿದ್ದರೂ "ಮುಂದೆ ನಡೀರಿ, ಮುಂದೆ ನಡೀರಿ" ಅಂತ ದಾಟಿಸಿಬಿಡುವ ಸ್ವಭಾವ. ಅವರು ಸಹ ಜಗಲಿಯಿಂದಲೇ, "ಆಯಮ್ಮ ತಿಳಿದೋಳು ಕಣೇ, ನಿನ್ನಂಗೆ ಕಿರಚಲ್ಲ" ಎಂದರು.

ಇಲ್ಲಿಯ ತನಕ ನಗುವ ಮಾತಾಯಿತು. ಮೂರನೇ ವಾರದಲ್ಲಿ ಕೂಸು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳಲು ಶುರುಮಾಡಿತು. ಒಂದು ಗಂಟೆ, ಒಂದೂವರೆ ಗಂಟೆ, ಮುಖ ಕೆಂಪಾಗಿ, ಕಾಲು ಮಡಿಚಿಕೊಂಡು ಅಳುತ್ತಿತ್ತು. ಎಳೆಗೂಸುಗಳು ಸಾಯಂಕಾಲ ಹೀಗೆ ಅಳುವುದನ್ನು ಊರಿನ ನೂರು ಮನೆಯಲ್ಲಿ ನೋಡಿದ್ದೇನೆ, ನೂರು ತಾಯಂದಿರಿಗೆ ಹೆದರಬೇಡಿ ಎಂದಿದ್ದೇನೆ. ನಮ್ಮ ಮನೆಯಲ್ಲಿ ಅತ್ತಾಗ ಮಾತ್ರ ಆ ಮಾತು ನನಗೇ ನೆನಪಾಗಲಿಲ್ಲ. ಪಕ್ಕದ ಮನೆಯ ಗಂಗಮ್ಮ ಬಂದು ಇಣುಕಿ, "ಯಾಕಂಗೆ ಅಳ್ತೈತೆ?" ಎಂದರೆ ನಾನು, ಮಗಳು ಅಲ್ಲೇ ಕೂತಿದ್ದಾಳೆ ಎಂಬ ಪರಿವೆಯೂ ಇಲ್ಲದೆ, "ನಮ್ಮುಡುಗಿಗೆ ಹಾಲು ಸಾಲ್ದು ಗಂಗಮ್ಮ" ಎಂದುಬಿಟ್ಟೆ. ನಾಲ್ಕು ಪದ. ನನ್ನ ಕಸುಬಿನಲ್ಲಿ ದಿನಕ್ಕೆ ಸಾವಿರ ಪದ ಆಡುತ್ತೇನೆ, ನಾಲ್ಕರ ಲೆಕ್ಕ ಯಾರಿಡುತ್ತಾರೆ?

ಶ್ರಾವಣಿ ಲೆಕ್ಕ ಇಟ್ಟಳು. ಮಾರನೆಯ ದಿನದಿಂದ ಕೂಸಿಗೆ ಹಾಲು ಕೊಡುವಾಗ ಗೋಡೆಗೆ ಮುಖ ಮಾಡಿ ಕೂರತೊಡಗಿದಳು. ಊಟ ಅರ್ಧಕ್ಕೇ ಬಿಟ್ಟಳು. ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು ಅಳುತ್ತಿದ್ದದ್ದು ನನಗೆ ಕೇಳಿಸಿತು. ಒಂದು ಸಲ ಮೆಲ್ಲಗೆ, "ಅಮ್ಮ, ಕೂಸಿನ ತೂಕ ನೋಡಾಣ?" ಎಂದು ಕೇಳಿದಳು. "ಸುಮ್ಕಿರೇ, ತಿಂಗ್ಳು ತುಂಬ್ಲಿ, ದೃಷ್ಟಿ ಆಗ್ತೈತೆ" ಎಂದೆ. ನೀವು ನಕ್ಕರೂ ಪರವಾಗಿಲ್ಲ. ಊರ ಮಕ್ಕಳನ್ನೆಲ್ಲ ಗದರಿಸಿ ತೂಗಿದ ಕೈಗೆ ತನ್ನ ಮೊಮ್ಮಗಳನ್ನು ತೂಗಲು ಧೈರ್ಯವಿರಲಿಲ್ಲ. ಈ ಕೂಸಿನ ಹೆಸರು ಶಿರಾ ಕಡೆಯ ಕೇಂದ್ರದಲ್ಲಿರುತ್ತದೆ, ನನ್ನ ರಿಜಿಸ್ಟರಿಗೆ ಬರುವುದಿಲ್ಲ ಎಂದು ಒಂದು ನೆಪವನ್ನೂ ಹುಡುಕಿಟ್ಟುಕೊಂಡಿದ್ದೆ. ತೂಗುವ ಬದಲು ಮಡಕಶಿರಾಗೆ ಬಸ್ಸು ಹತ್ತಿ ಹೋಗಿ, ಗುರುತಿನವರು ಯಾರೂ ಇಲ್ಲವೆಂದು ನೋಡಿಕೊಂಡು, ಮೆಡಿಕಲ್ ಅಂಗಡಿಯಲ್ಲಿ ಪುಡಿಹಾಲಿನ ಡಬ್ಬ ಕೇಳಿದೆ. ಅಂಗಡಿಯವನ ಹೆಂಡತಿ ನಮ್ಮೂರಿನವಳು, ಎರಡು ಹೆರಿಗೆಗೂ ನನ್ನ ಭಾಷಣ ಕೇಳಿದವಳು. ಅವನು ನನ್ನನ್ನೂ ಡಬ್ಬವನ್ನೂ ನೋಡಿ, "ಟೀಚರಮ್ಮಾ, ಮೀರಾ?" ಎಂದ. ನೀವಾ ಎಂದು ಅವನು ತೆಲುಗಿನಲ್ಲಿ ಕೇಳಿದ ಆ ಒಂದೇ ಪದಕ್ಕೆ ಕತ್ತು ಬಗ್ಗಿಸಿಕೊಂಡು ಬಂದು, ಡಬ್ಬವನ್ನು ರಾಗಿಯ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ.

ಅವತ್ತೇ ಸಾಯಂಕಾಲ ಶ್ರಾವಣಿ ಫೋನು ಕೊಟ್ಟು, "ಇವತ್ತು ಓದ್ಬೇಡ, ಬರಿ" ಎಂದಳು.

"ಏನು ಬರೀಲಿ?"

"ನಾನು ಹೇಳಿದ್ದು ಹೇಳಿದಂಗೆ ಬರಿ. ನಿಂದೇನೂ ಸೇರಿಸ್ಬೇಡ."

ಅವಳು ಗೋಡೆಯ ಕಡೆ ತಿರುಗಿ, ಬರೆಯುತ್ತಿರುವವಳು ಯಾರೋ ಎಂಬಂತೆ ಹೇಳತೊಡಗಿದಳು. "ಸುಮಂಗಲಕ್ಕ, ನಂಗೆ ಹಾಲು ಸಾಲ್ದು ಅಂತ ನಮ್ಮಮ್ಮ ಹೇಳ್ತೈತೆ. ನಮ್ಮಮ್ಮ ಅಂಗನವಾಡಿ ಟೀಚರು, ಊರಿನ ಕೂಸುಗಳನ್ನೆಲ್ಲ ನೋಡೈತೆ. ನಮ್ಮಮ್ಮ ಸುಳ್ಳು ಹೇಳಲ್ಲ. ಅದಕ್ಕೆ ನಿಜವೇ ಇರ್ಬೇಕು. ನನ್ ಕೂಸು ಹಸ್ಕೊಂಡು ಅಳ್ತೈತೆ, ನನ್ ಕೈಲಿ ಅದ್ರ ಹೊಟ್ಟೆ ತುಂಬ್ಸಕ್ಕಾಗ್ತಿಲ್ಲ. ಎಲ್ರೂ ಅಮ್ಮ ಆಗ್ತಾರೆ, ನಂಗೆ ಮಾತ್ರ ಯಾಕ್ ಬರಲ್ಲ ಸುಮಂಗಲಕ್ಕ?"

ನನ್ನ ಹೆಬ್ಬೆರಳು ‘ನಮ್ಮಮ್ಮ ಸುಳ್ಳು ಹೇಳಲ್ಲ’ ಎಂಬಲ್ಲಿ ನಿಂತುಬಿಟ್ಟಿತು. ಎಂಟು ದಿನದಿಂದ ಸುಳ್ಳನ್ನೇ ರಾಗವಾಗಿ ಓದುತ್ತಿದ್ದವಳು ನಾನು. "ಬರ್ದಾ?" ಎಂದಳು. "ಬರ್ದೆ" ಎಂದೆ. "ಕಳ್ಸು" ಎಂದಳು. ಕಳಿಸಿದೆ. ಕಣ್ಣು ಮಂಜಾಗಿದ್ದರಿಂದ ಎಲ್ಲಿ ಒತ್ತಿದೆನೋ ತಿಳಿಯಲಿಲ್ಲ, ಹೋಗದಿದ್ದರೆ ಸಾಕಪ್ಪ ಸಿದ್ಧೇಶ್ವರ ಎಂದುಕೊಂಡೆ. ಹೇಮಾವತಿ ಊರಿನ ಸಿದ್ಧೇಶ್ವರ ನಮ್ಮ ಮನೆದೇವರು, ಕೇಳಿದ್ದನ್ನು ಕೊಡುತ್ತಾನೆ. ಅವತ್ತು ಕೊಡಲಿಲ್ಲ. ಒಂದೇ ಏಟಿಗೆ ಹೋಯಿತು.

ಕಾಫಿ ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಉತ್ತರಗಳು ಬಂದು ಬಿದ್ದಿದ್ದವು. "ಓದು" ಎಂದಳು ಶ್ರಾವಣಿ, ಇನ್ನೂ ಗೋಡೆಯ ಕಡೆಗೇ ಮುಖ. ಇಲ್ಲೇ ನಾನು ಏನಾದರೂ ಕಟ್ಟಿ ಹೇಳಬಹುದಿತ್ತು, ಸುಮಂಗಲಕ್ಕನಿಗೆ ಅದೇನು ಕಷ್ಟವಲ್ಲ. ಆದರೆ ಆ ಬೆನ್ನನ್ನು ನೋಡಿ ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದೆ. "ಮಗು ದಿನಕ್ಕೆ ಆರು ಸಲ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ, ಹೆದರಬೇಡಿ." ನಮ್ಮ ಕೂಸಿನ ಬಟ್ಟೆ ದಿನಕ್ಕೆ ಹನ್ನೆರಡು ಒಗೆಯುತ್ತಿದ್ದವಳು ನಾನೇ. "ಸಾಯಂಕಾಲ ಎಲ್ಲ ಮಕ್ಕಳೂ ಅಳುತ್ತವೆ, ನನ್ನದೂ ಅಳುತ್ತಿತ್ತು." ಓದಿದೆ. "ತೂಕ ಹಾಕಿಸಿ ನೋಡಿ, ಗೊತ್ತಾಗುತ್ತದೆ." ಓದಿದೆ. "ನೀರು ಚೆನ್ನಾಗಿ ಕುಡಿಯಿರಿ." ಅದನ್ನೂ ಓದಿದೆ. "ಅಂಗನವಾಡಿ ಟೀಚರಿಗೆ ಇಷ್ಟೂ ಗೊತ್ತಿಲ್ಲವೇ? ಅಂಥವರನ್ನು ಮೊದಲು ಕೆಲಸದಿಂದ ತೆಗೆಯಬೇಕು." ಮುಂದೆ ಮೂರು ನಗುವ ಮುಖ. ಅದನ್ನು ಓದಿ, "ಮೂರು ನಗೋ ಮೊಕ ಹಾಕವ್ರೆ" ಎಂದೂ ಸೇರಿಸಿದೆ. ಕೊನೆಯದು ದಾವಣಗೆರೆಯವಳದು. "ಸುಮಂಗಲಾ ಯಾರು? ಈ ಗುಂಪಿನಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ."

ಶ್ರಾವಣಿ ತಿರುಗಿದಳು. "ಇಲ್ವಾ?"

"ಇಲ್ಲ ಕಣಮ್ಮ. ನಾನೇ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು, ಅದರಲ್ಲಿ ನನಗೆ ಅಭ್ಯಾಸವಿದೆ. ಅವಳು ಮೆಲ್ಲಗೆ, "ಹಂಗಾದ್ರೆ ಹಾಲು ಸಾಲ್ದು ಅಂದೋಳೂ ನೀನೆ, ಹೆದರ್ಬೇಡಿ ಅಂದೋಳೂ ನೀನೆ. ನಾನು ಯಾರ ಮಾತು ನಂಬ್ಲಮ್ಮ?" ಎಂದಳು.

ನಾನು ಎದ್ದು ಮೊದಲು ಒಂದು ಚೊಂಬು ತುಂಬ ನೀರು ತಂದು ಅವಳ ಮುಂದೆ ಇಟ್ಟೆ. ಆಮೇಲೆ ಕೇಂದ್ರದ ಬೀಗದ ಕೈ ತೆಗೆದುಕೊಂಡು ಹೊರಟೆ. ತೂಕದ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ಬೀದಿಯಲ್ಲಿ ಬರುತ್ತಿದ್ದರೆ ಗಂಗಮ್ಮ, "ಏನ್ ಟೀಚರಮ್ಮ, ಯಾರ ಕೂಸು ಅದು?" ಎಂದಳು. ನಡುಮನೆಯಲ್ಲಿ ಯಂತ್ರವಿಟ್ಟು, ಬಟ್ಟೆ ಹಾಸಿ, ಕೂಸನ್ನು ಮಲಗಿಸಿದೆ. ಆಸ್ಪತ್ರೆಯ ಚೀಟಿಯಲ್ಲಿ ಎರಡು ಕೆಜಿ ಏಳುನೂರು ಎಂದಿತ್ತು. ನಂಬಿಕೆ ಬಾರದೆ ಎರಡು ಸಲ ತೂಗಿದೆ. ಎರಡು ಸಲವೂ ಮೂರು ಕೆಜಿ ನಾನೂರು. "ಮೂರು ನಾನೂರು!" ಎಂದು ನಾನು ಯಾವ ದೃಷ್ಟಿಗೂ ಹೆದರದೆ, ಜಗಲಿಯಲ್ಲಿದ್ದ ಯಜಮಾನರಿಗೂ ಗೋಡೆಯಾಚೆಯ ಗಂಗಮ್ಮನಿಗೂ ಕೇಳುವಂತೆ ಕಿರುಚಿದೆ. ಕೂಸು ಬೆಚ್ಚಿ ಅಳಲು ಶುರುಮಾಡಿತು. ಶ್ರಾವಣಿಯೂ ಅಳುತ್ತಿದ್ದಳು, ನಾನೂ. ಯಜಮಾನರು ಬಾಗಿಲಲ್ಲಿ ಬಂದು ನಿಂತವರು ಮುಂದೆ ನಡೀರಿ ಎನ್ನಲಿಲ್ಲ. "ಎಲ್ಲಾ ನನ್ ಹಾಲೇನಮ್ಮ?" ಎಂದಳು ಶ್ರಾವಣಿ, ಅಳುತ್ತಲೇ. "ಎಲ್ಲಾ ನಿನ್ನ ಹಾಲೇ ಕಣಮ್ಮ" ಎಂದೆ. ನನ್ನ ತಪ್ಪನ್ನು ನಾಲ್ಕೇ ಪದದಲ್ಲಿ ಮಾಡಿದ್ದೆ, ಸರಿಮಾಡಲೂ ನಾಲ್ಕು ಪದವೇ ಸಾಕಾಯಿತು, ಜೊತೆಗೊಂದು ತೂಕದ ಯಂತ್ರ ಬೇಕಾಯಿತು ಅಷ್ಟೆ. ದೀಪ ಹಚ್ಚಿದ ಮೇಲೆ ಉಪ್ಪು ಮೆಣಸಿನಕಾಯಿ ತೆಗೆದುಕೊಂಡು ಕೂಸಿಗೆ ನಿವಾಳಿಸಿದೆ. ಯಾವುದಕ್ಕೂ ಇರಲಿ ಎಂದು ಯಂತ್ರಕ್ಕೂ ನಿವಾಳಿಸಿದೆ. ಚಾರ್ಟು ಕೇಂದ್ರದಲ್ಲೇ ಇತ್ತಲ್ಲ, ನೋಡುವವರು ಯಾರು?

ಎರಡು ದಿನ ಮಗಳು ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ನಾನೂ ಎಂದಿನ ನನ್ನ ಗಂಟಲನ್ನು ಕಟ್ಟಿಹಾಕಿಕೊಂಡು ಓಡಾಡಿದೆ. ಪುಡಿಹಾಲಿನ ಡಬ್ಬವನ್ನು ಯಜಮಾನರ ಕೈಯಲ್ಲಿ ಅಂಗಡಿಗೆ ವಾಪಸು ಕಳಿಸಿದೆ. ಮೂರನೇ ದಿನ ಅವಳೇ ಬಂದು ಪಕ್ಕದಲ್ಲಿ ಕೂತು, "ಸುಮಂಗಲಕ್ಕ ಇಲ್ಲ ಅಂದ್ರೆ ಯಾಕೋ ಬೇಜಾರಾಗ್ತೈತಮ್ಮ" ಎಂದಳು. ನಾನು ಕೂಸಿನ ಬಟ್ಟೆ ಮಡಿಸುತ್ತಿದ್ದೆ. "ಅಲ್ಲ, ನಿಂಗೆ ಹಂಗೆ ಮಾತಾಡಕ್ಕೆ ಬತ್ತಿತ್ತು. ಬಂದೂ ನನ್ ಹತ್ರ ಯಾಕಮ್ಮ ಮಾತಾಡ್ತಿರ್ಲಿಲ್ಲ?" ಎಂದಳು. ಅವಳು ಜಗಳಕ್ಕೆ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದಳು. ಅದಕ್ಕೇ ನನಗೆ ಹೆಚ್ಚು ಚುಚ್ಚಿತು. ನಮ್ಮಮ್ಮ ನನ್ನ ಬಾಣಂತನವನ್ನು ಬೈದುಕೊಂಡೇ ಮಾಡಿದ್ದಳು, ಅವರಮ್ಮ ಅವಳದನ್ನು. ಬೈಯದೆ ಬಾಣಂತನ ಮಾಡಬಹುದು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಅವಳು ನಂಬುತ್ತಾಳೆಯೇ? ಕೊನೆಗೆ, "ಕಿವಿಗೆ ಹತ್ತಿ ಇಟ್ಕೊಳ್ರಿ ತಂಗಿ" ಎಂದೆ. ಅವಳು ನಕ್ಕಳು. ಆದರೆ ಹತ್ತಿ ಇಟ್ಟುಕೊಂಡಳು.

ಐದನೇ ತಿಂಗಳಿಗೆ ತಾಯಿ ಕೂಸು ಶಿರಾ ಸೇರಿದರು. ಈಗ ಅವಳು ಆ ಗುಂಪನ್ನು ಬಿಟ್ಟು ನೇರವಾಗಿ ನನಗೇ ಬರೆಯುತ್ತಾಳೆ, ಮಾತು ಕನ್ನಡ, ಅಕ್ಷರ ತೆಲುಗು. ನಿನ್ನೆ ಬಂದದ್ದು ಇದು. "ಅಮ್ಮ, ಕೂಸು ಮಂಚದಿಂದ ಉರುಳಿ ಬಿತ್ತು. ಏಟಾಗಿಲ್ಲ, ಅತ್ತು ಸುಮ್ಮನಾಗಿ ಆಡ್ಕಂತೈತೆ, ಡಾಕ್ಟ್ರೂ ನೋಡಿ ಏನಿಲ್ಲ ಅಂದ್ರು. ಆದ್ರೆ ನಂಗೆ ಇನ್ನೂ ಹೆದರಿಕೆ ಹೋಗಿಲ್ಲ. ನೀನು ಹೇಳ್ಬೇಡ, ಸುಮಂಗಲಕ್ಕನ್ನ ಕೇಳಿ ಹೇಳು." ಓದುತ್ತಿದ್ದಂತೆಯೇ, ಕೂಸಿನ್ನ ಮಂಚದ್ ಮೇಲೆ ಬಿಟ್ಟು ಎಲ್ಲೇ ಹೋಗಿದ್ದೆ, ಕಣ್ಣು ಎಲ್ಲಿಟ್ಟಿದ್ದೆ ಎಂಬುದು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಫೋನನ್ನು ಬೋರಲು ಹಾಕಿ ಜಗಲಿಯಲ್ಲಿ ಸುಮ್ಮನೆ ಕೂತೆ. ಕಾಲು ಗಂಟೆ ಕಳೆದ ಮೇಲೆ ಯಜಮಾನರು, "ಮಗಳಿಗೆ ಉತ್ರ ಬರ್ದೇನೇ?" ಎಂದು ಕೇಳಿದರು.

"ಇರಿ ಒಂಚೂರು" ಎಂದೆ. "ನಂದು ಆವಾಗ್ಲೇ ರೆಡಿ ಐತೆ. ಆಯಮ್ಮನದು ಇನ್ನೂ ಬಂದಿಲ್ಲ."